ಕೇಬಲ್ ಎಳೆಯುವವರು ಇಲ್ಲೇ ಇದ್ದೇವೆ, ಟೆಂಡರ್‌ನಲ್ಲಿ ಮಾತ್ರ ಇಲ್ಲ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಓದುಗರ ಅಂಕಣದಲ್ಲಿ ಮಾದಾಪುರ ಕಡೆಯ ಒಬ್ಬರು ಪತ್ರ ಬರೆದಿದ್ದರು. ಅವರೂರಿನ ಶಾಲೆಗೆ ಹಾಕಿದ ಇಂಟರ್ನೆಟ್ ಕೇಬಲ್ ಮರ ಬಿದ್ದು ತುಂಡಾಗಿ ಇಪ್ಪತ್ತೆರಡು ದಿನ ಆಯಿತಂತೆ. ಗುತ್ತಿಗೆ ಹಿಡಿದ ಕಂಪನಿ ಬೆಂಗಳೂರಿನದು. ಫೋನ್ ಮಾಡಿದರೆ ‘ಟೀಮ್ ಬರುತ್ತೆ’ ಅನ್ನುತ್ತಾರಂತೆ. ಕೊನೆಗೆ ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಇಡೀ ಕೊಡಗಿನಲ್ಲಿ ಕೇಬಲ್ ಎಳೆಯುವವರು ಯಾರೂ ಇಲ್ಲವೇ?’

ಇದ್ದೇವೆ ಸ್ವಾಮಿ. ಸುಂಟಿಕೊಪ್ಪದಲ್ಲಿ ನಾನೇ ಒಬ್ಬ ಇದ್ದೇನೆ. ನಾನು, ಐದು ಜನ ಹುಡುಗರು, ಒಂದು ಹಳೆಯ ಓಮ್ನಿ, ಎರಡು ಏಣಿ, ಫೈಬರ್ ಎಳೆ ಬೆಸೆಯಲು ಸಾಲ ಮಾಡಿ ತಂದ ಒಂದು ಸ್ಪ್ಲೈಸಿಂಗ್ ಮೆಷಿನ್. ಕುಶಾಲನಗರದಲ್ಲಿ ಇದ್ದಾರೆ, ಗೋಣಿಕೊಪ್ಪದಲ್ಲಿ ಇದ್ದಾರೆ, ನಾಪೋಕ್ಲು ಕಡೆಯೂ ಇದ್ದಾರೆ. ಇನ್ನೊಂದು ಮಾತು ಹೇಳಿದರೆ ಆ ಓದುಗರಿಗೆ ಸಿಟ್ಟು ಬರಬಹುದು. ‘ಟೀಮ್ ಬರುತ್ತೆ’ ಅಂದರಲ್ಲ, ಆ ಟೀಮ್ ನಾವೇ.

ಗುತ್ತಿಗೆ ಬೆಂಗಳೂರಿನವರದ್ದು. ಅವರು ಅದನ್ನು ಮೈಸೂರಿನ ಒಬ್ಬರಿಗೆ ಕೊಟ್ಟರು. ಮೈಸೂರಿನವರು ನನಗೆ ಕೊಟ್ಟರು. ಆ ಶಾಲೆಯ ತನಕ ಕಂಬದ ಮೇಲೆ ಕೇಬಲ್ ಎಳೆದದ್ದು ನನ್ನ ಹುಡುಗರು. ಅದಾದ ಮೇಲೆ ಎರಡು ಸಲ ಲೈನ್ ಕಡಿದು ಹೋದಾಗ ಸರಿ ಮಾಡಿದ್ದೂ ನಾವೇ. ಆ ಎರಡು ಸಲದ ದುಡ್ಡು 11,400 ರೂಪಾಯಿ ನನಗೆ ಬಂದಿರಲಿಲ್ಲ. ‘ಹಳೇದು ಕೊಡಿ, ಇದನ್ನೂ ಮಾಡಿಕೊಡುತ್ತೇನೆ’ ಅಂದೆ. ಮೈಸೂರಿನವರು ‘ನಮಗೇ ಬಂದಿಲ್ಲ’ ಅಂದರು. ಬೆಂಗಳೂರಿನವರ ನಂಬರ್ ನನ್ನ ಹತ್ತಿರ ಇಲ್ಲ, ಇದ್ದರೂ ನಾನು ಯಾರು ಅಂತ ಅವರಿಗೆ ಗೊತ್ತಿಲ್ಲ. ಹೀಗೆ ಇಪ್ಪತ್ತೆರಡು ದಿನ ಕಳೆಯಿತು. ಇದರಲ್ಲಿ ನನ್ನ ಪಾಲೂ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ಹುಡುಗರ ಸಂಬಳ ಶನಿವಾರಕ್ಕೆ ಶನಿವಾರ ಕೊಡಲೇಬೇಕು, ಅಲ್ವಾ?

ಪತ್ರ ಓದಿದ ಮೇಲೆ ಮನಸ್ಸು ತಡೆಯಲಿಲ್ಲ. ಭಾನುವಾರ ಒಬ್ಬ ಹುಡುಗನನ್ನು ಕರೆದುಕೊಂಡು ಹೋದೆ. ಕಕ್ಕಡದ ಮಳೆ ಹೇಗಿರುತ್ತದೆ ಅಂತ ಇಲ್ಲಿನವರಿಗೆ ಹೇಳಬೇಕಾಗಿಲ್ಲ. ಓಮ್ನಿಯ ಹಿಂದಿನ ಬಾಗಿಲು ಎತ್ತಿ, ಅದಕ್ಕೆ ಟಾರ್ಪಾಲು ಕಟ್ಟಿ, ಒಳಗೆ ಮೆಷಿನ್ ಇಟ್ಟು ಕೂತೆವು. ಮರ ಎಳೆದುಕೊಂಡು ಬಿದ್ದದ್ದರಿಂದ ಹಳೆಯ ಕೇಬಲ್ ಗಿಡ್ಡವಾಗಿತ್ತು. ನಡುವೆ 40 ಮೀಟರ್ ಹೊಸ ತುಂಡು ಹಾಕಬೇಕಾಯಿತು. ಅಂದರೆ ಎರಡು ಕಡೆ ಜಾಯಿಂಟ್. ಅದು 24 ಕೋರ್‌ನ, ಅಂದರೆ 24 ಗಾಜಿನ ಎಳೆಯ ಫೈಬರ್ ಕೇಬಲ್. ಒಳಗೆ ಎರಡು ಟ್ಯೂಬ್, ಒಂದೊಂದರಲ್ಲಿ ಹನ್ನೆರಡು ಎಳೆ: ನೀಲಿ, ಕಿತ್ತಳೆ, ಹಸಿರು, ಕಂದು, ಬೂದಿ, ಬಿಳಿ ಅಂತ ಶುರುವಾಗಿ ಹನ್ನೆರಡು ಬಣ್ಣ. ಒಟ್ಟು 48 ಬೆಸುಗೆ. ಬಣ್ಣದ ಸಿಪ್ಪೆ ಸುಲಿದ ಮೇಲೆ ಉಳಿಯುವ ಗಾಜಿನ ಎಳೆ 125 ಮೈಕ್ರಾನ್, ಒಂದು ಮಿಲಿಮೀಟರ್‌ನಲ್ಲಿ ಎಂಟರಲ್ಲಿ ಒಂದು ಪಾಲು. ಅದರ ನಡುವೆ ಬೆಳಕು ಹೋಗುವ ದಾರಿ 9 ಮೈಕ್ರಾನ್ ಮಾತ್ರ. ತುದಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ನೇರ ಕತ್ತರಿಸಿ, ಎದುರು ಬದುರು ಇಟ್ಟು ಮುಚ್ಚಿದರೆ ಮೆಷಿನ್ ಕಿಡಿ ಹಾರಿಸಿ ಬೆಸೆಯುತ್ತದೆ. ತೇವ ತಾಗಿದರೆ, ಧೂಳಿನ ಒಂದು ಕಣ ಕೂತರೆ ಕೆಟ್ಟಿತು. ಬೆಸುಗೆಯಲ್ಲಿ ಎಷ್ಟು ಬೆಳಕು ಸೋರುತ್ತದೆ ಅಂತ ಸ್ಕ್ರೀನ್ ತೋರಿಸುತ್ತದೆ, 0.02, 0.03 ಡಿಬಿ ಅಂತ ಬಂದರೆ ಸಮಾಧಾನ. 0.1 ಬಂದರೆ ಕತ್ತರಿಸಿ ಮತ್ತೆ ಮೊದಲಿನಿಂದ.

ಹುಡುಗ ಕೇಳಿದ, ‘ಅಣ್ಣಾ, ಶಾಲೆಗೆ ಒಂದು ಕೋರ್ ಇದ್ದರೆ ಸಾಕಲ್ವಾ? ಉಳಿದದ್ದು ಯಾರಿಗೆ?’ ‘ನಾಳೆ ಇದೇ ಲೈನಲ್ಲಿ ಆಸ್ಪತ್ರೆಗೆ, ಪಂಚಾಯಿತಿಗೆ ಕೊಡಬೇಕಾದರೆ ಮತ್ತೆ ನೀನೇ ಇಲ್ಲಿ ಬಂದು ಮಳೆಯಲ್ಲಿ ಕೂರುತ್ತೀಯಾ?’ ಅಂದೆ. ಸುಮ್ಮನಾದ. ಮುಗಿಯುವಾಗ ಸಂಜೆ ಐದೂವರೆ. ಕಾಲಲ್ಲಿ ಮೂರು ಜಿಗಣೆ.

ಈಗ ಆ ಓದುಗರು ಕೇಳಬಹುದು: ಇಷ್ಟೆಲ್ಲಾ ಗೊತ್ತಿರುವವರು ನೀವೇ ಯಾಕೆ ಟೆಂಡರ್ ಹಾಕಲಿಲ್ಲ? ಅದಕ್ಕೇ ಈ ಪತ್ರ.

ಆ ಕೆಲಸದ ಟೆಂಡರ್ ಬಂದಾಗ ನಾನು ಪ್ರಿಂಟ್ ತೆಗೆದು ಮೂರು ದಿನ ಓದಿದ್ದೆ. ಐದೂ ತಾಲ್ಲೂಕಿನ ಶಾಲೆ, ಕಚೇರಿ ಎಲ್ಲಾ ಸೇರಿಸಿ ಒಂದೇ ಪ್ಯಾಕೇಜ್, 1 ಕೋಟಿ 40 ಲಕ್ಷ. ನಮ್ಮ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಜೊತೆಗೆ ಕುಶಾಲನಗರ, ಪೊನ್ನಂಪೇಟೆ ಬೇರೆ ತಾಲ್ಲೂಕಾದವು, ಜನ ಓಡಾಡುವುದು ತಪ್ಪಲಿ ಅಂತ. ತಾಲ್ಲೂಕು ಐದಾಯಿತು, ಟೆಂಡರ್ ಮಾತ್ರ ಒಂದೇ. ಹಾಕಬೇಕಾದರೆ ಹಿಂದಿನ ವರ್ಷಗಳಲ್ಲಿ ಇದೇ ತರಹದ ಒಂದು ಕೆಲಸವನ್ನು ಕನಿಷ್ಠ 70 ಲಕ್ಷಕ್ಕೆ ಮಾಡಿರಬೇಕು. ಎರಡು ವರ್ಷವಾದರೂ ಟರ್ನೋವರ್, ಅಂದರೆ ವರ್ಷದ ವಹಿವಾಟು, 1 ಕೋಟಿ 40 ಲಕ್ಷ ಮುಟ್ಟಿರಬೇಕು. ಟೆಂಡರ್ ಜೊತೆ ಕಟ್ಟಬೇಕಾದ ಠೇವಣಿ, ಅಂದರೆ ಇಎಂಡಿ, 2 ಲಕ್ಷ 80 ಸಾವಿರ. ನನ್ನ ಅತಿ ಒಳ್ಳೆಯ ವರ್ಷದ ಟರ್ನೋವರ್ 31 ಲಕ್ಷ. ಅದರಲ್ಲೂ ಅರ್ಧ ತೋಟ, ರೆಸಾರ್ಟ್, ಹೋಂಸ್ಟೇ ಕೆಲಸ. ಖಾಸಗಿ ಕೆಲಸ ಲೆಕ್ಕಕ್ಕಿಲ್ಲ, ಸರ್ಕಾರಿ ಇಲ್ಲವೇ ಅರೆ ಸರ್ಕಾರಿಯೇ ಆಗಬೇಕು ಅಂತ ಇನ್ನೊಂದು ಸಾಲು.

ಇಷ್ಟಾದರೂ ಇರಲಿ. ನನ್ನ ಹೊಟ್ಟೆ ಉರಿಸುವುದು ಇಂಗ್ಲಿಷಿನ ಎರಡೇ ಶಬ್ದ: ‘ಪ್ರೈಮ್ ಕಾಂಟ್ರಾಕ್ಟರ್’. ಕೆಲಸ ಮಾಡಿರಬೇಕು, ಮೂಲ ಗುತ್ತಿಗೆದಾರನಾಗಿಯೇ ಮಾಡಿರಬೇಕು. ಒಳಗುತ್ತಿಗೆಯಲ್ಲಿ ನಾನು ಈ ಜಿಲ್ಲೆಯಲ್ಲಿ ಎಳೆದ ಕೇಬಲ್ ಅಳೆದರೆ ಇನ್ನೂರು ಕಿಲೋಮೀಟರ್ ದಾಟುತ್ತದೆ. ಕಾಗದದಲ್ಲಿ ಅದು ಸೊನ್ನೆ. ಕೆಲಸ ಮುಗಿಸಿದ ಸರ್ಟಿಫಿಕೇಟ್ ಬರುವುದು ಬೆಂಗಳೂರಿನವರ ಹೆಸರಿಗೆ. ಆ ಸರ್ಟಿಫಿಕೇಟ್ ತೋರಿಸಿ ಅವರು ಮುಂದಿನ ಟೆಂಡರ್ ಹಿಡಿಯುತ್ತಾರೆ, ಮತ್ತೆ ಮೈಸೂರಿನವರಿಗೆ ಫೋನ್, ಮತ್ತೆ ನನಗೆ ಫೋನ್. ನನಗೆ ಎಳೆಯಲು ಸಿಕ್ಕಿದ್ದು ಮೀಟರಿಗೆ 9 ರೂಪಾಯಿ. ಮೂಲ ಗುತ್ತಿಗೆಯಲ್ಲಿ ಅದೇ ಕೆಲಸಕ್ಕೆ 22 ಇತ್ತು ಅಂತ ಎಲ್ಲಾ ಮುಗಿದ ಮೇಲೆ ಗೊತ್ತಾಯಿತು. ಹದಿಮೂರು ರೂಪಾಯಿ ಹೆದ್ದಾರಿಯಲ್ಲೇ ಇಳಿದುಹೋಯಿತು.

2018ರ ಆಗಸ್ಟ್‌ನಲ್ಲಿ ಗುಡ್ಡ ಜರಿದಾಗ ಮಕ್ಕಂದೂರು, ಹಟ್ಟಿಹೊಳೆ ಕಡೆ ಕೆಲವು ಕಡೆ ರಸ್ತೆಯೇ ಇರಲಿಲ್ಲ, ಕೇಬಲ್ ಎಲ್ಲಿಂದ ಇರಬೇಕು? ಆಗ ನನಗೆ ರಾತ್ರಿ ಹನ್ನೊಂದಕ್ಕೂ ಫೋನ್ ಬರುತ್ತಿತ್ತು. ಹೆಗಲ ಮೇಲೆ ಡ್ರಮ್ ಹೊತ್ತು ತೋಟದೊಳಗೆ ನಡೆದು ಲೈನ್ ಎಳೆದಿದ್ದೇವೆ. ಆವತ್ತು ಯಾರೂ ಟರ್ನೋವರ್ ಕೇಳಲಿಲ್ಲ.

ಹಾಗಂತ ಕಾನೂನನ್ನೇ ಬೈಯುವವನಲ್ಲ ನಾನು. ಸರ್ಕಾರಿ ಕೆಲಸಕ್ಕೆ ಬಹಿರಂಗ ಟೆಂಡರ್ ಕರೆಯಬೇಕು ಅನ್ನುವ 1999ರ ಪಾರದರ್ಶಕತೆ ಕಾಯ್ದೆ ಬರುವ ಮೊದಲು ಕೆಲಸ ಯಾರಿಗೆ ಹೋಗುತ್ತಿತ್ತು ಅಂತ ಹಳೆಯ ಗುತ್ತಿಗೆದಾರರನ್ನು ಕೇಳಿದರೆ ಕತೆ ಕತೆಯಾಗಿ ಹೇಳುತ್ತಾರೆ. ಈಗ ಎಲ್ಲಾ ಆನ್‌ಲೈನ್, ನನ್ನಂಥವನೂ ಮನೆಯಲ್ಲಿ ಕೂತು ನೋಡಬಹುದು. ಅದು ಒಳ್ಳೆಯದೇ. ಒಬ್ಬ ಎಂಜಿನಿಯರ್ ಹತ್ತಿರ ‘ತಾಲ್ಲೂಕಿಗೊಂದು ಟೆಂಡರ್ ಮಾಡಬಾರದಾ ಸಾರ್?’ ಅಂತ ಕೇಳಿದೆ. ಅವರು ನಕ್ಕರು. ‘ತುಂಡು ಗುತ್ತಿಗೆ ಅಂತ ಆಡಿಟ್‌ನವರು ಬರೆಯುತ್ತಾರೆ ಮಾರಾಯ, ನನ್ನ ಪೆನ್ಷನ್ ನೀನು ಕೊಡುತ್ತೀಯಾ?’ ಅಂದರು. ಅವರ ಹೆದರಿಕೆ ಸುಳ್ಳಲ್ಲ. ಟೆಂಡರ್ ತಪ್ಪಿಸಲು ಕೆಲಸವನ್ನು ಚೂರು ಚೂರು ಮಾಡಿ ಬೇಕಾದವರಿಗೆ ಹಂಚಿದ ಉದಾಹರಣೆ ಬೇಕಾದಷ್ಟಿದೆ. ಆದರೆ ನಾನು ಕೇಳುವುದು ಟೆಂಡರ್ ತಪ್ಪಿಸಿ ಅಂತಲ್ಲ. ಐದು ತಾಲ್ಲೂಕಿಗೆ ಐದು ಟೆಂಡರ್, ಐದೂ ಪೋರ್ಟಲ್‌ನಲ್ಲೇ, ಯಾರು ಬೇಕಾದರೂ ಹಾಕಲಿ. ಬೆಂಗಳೂರಿನವರು ಐದನ್ನೂ ಗೆದ್ದರೆ ಗೆಲ್ಲಲಿ. 28 ಲಕ್ಷದ ಕೆಲಸವಾದರೆ 14 ಲಕ್ಷದ ಸರ್ಟಿಫಿಕೇಟ್ ಸಾಕಾಗುತ್ತದೆ, ಅಷ್ಟನ್ನು ನಮ್ಮಲ್ಲಿ ಕೆಲವರಾದರೂ ಹೊಂದಿಸಬಹುದು.

ಈ ಸರ್ಟಿಫಿಕೇಟಿನ ಲೆಕ್ಕ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಹೊಸದಾಗಿ ಈ ಕೆಲಸಕ್ಕೆ ಇಳಿಯುವ ಹುಡುಗರಿಗೂ ಉಪಯೋಗ ಆಗಬಹುದು. ನಾನು 2009ರಲ್ಲಿ ಟಿವಿ ಕೇಬಲ್ ಹುಡುಗನಾಗಿ ಶುರು ಮಾಡಿದವನು. ಮನೆ ಮನೆಗೆ ಕಪ್ಪು ಕೇಬಲ್ ಎಳೆದು, ತಿಂಗಳಿಗೊಮ್ಮೆ ದುಡ್ಡು ವಸೂಲಿಗೆ ಹೋಗುತ್ತಿದ್ದೆ. ಸೆಟ್ ಟಾಪ್ ಬಾಕ್ಸ್ ಕಡ್ಡಾಯವಾಗಿ, ಆಮೇಲೆ ಜನ ಮೊಬೈಲಿನಲ್ಲೇ ಎಲ್ಲಾ ನೋಡಲು ಶುರು ಮಾಡಿದಾಗ ಇದರಲ್ಲಿ ಹೆಚ್ಚು ದಿನ ಅನ್ನ ಇಲ್ಲ ಅಂತ ಗೊತ್ತಾಗಿ ಫೈಬರ್ ಕಲಿತೆ. ಮೊದಲ ಸರ್ಕಾರಿ ಕೆಲಸ ಒಂದು ಗ್ರಾಮ ಪಂಚಾಯಿತಿಯದ್ದು, ಕಚೇರಿಗೆ ವೈರಿಂಗ್ ಮತ್ತು ಆರು ಕ್ಯಾಮೆರಾ. ಕೊಟೇಶನ್ ಮೇಲೆ ಸಿಕ್ಕಿತು, 1 ಲಕ್ಷ 85 ಸಾವಿರ. ಲಾಭ ಏನೂ ಉಳಿಯಲಿಲ್ಲ. ಆದರೆ ‘ಕೆಲಸವನ್ನು ತೃಪ್ತಿಕರವಾಗಿ ಪೂರ್ಣಗೊಳಿಸಿರುತ್ತಾರೆ’ ಅಂತ ಒಂದು ಹಾಳೆ ಸಿಕ್ಕಿತು. ಅದನ್ನು ಲ್ಯಾಮಿನೇಟ್ ಮಾಡಿಸಿ ಇಟ್ಟಿದ್ದೇನೆ. ಆ ಹಾಳೆಯ ಬಲದಲ್ಲಿ 3 ಲಕ್ಷ 60 ಸಾವಿರದ್ದು ಹಾಕಿ ಗೆದ್ದೆ. ಅದರ ಬಲದಲ್ಲಿ 6 ಲಕ್ಷ 40 ಸಾವಿರದ್ದು. ಅರ್ಧದಷ್ಟು ಮಾಡಿ ತೋರಿಸಿದರೆ ಅದರ ದುಪ್ಪಟ್ಟಿಗೆ ಹಾಕಬಹುದು ಅನ್ನುವುದೇ ಇಲ್ಲಿನ ಗಣಿತ. ಹೀಗೇ ಹತ್ತುತ್ತಾ ಹೋಗೋಣ ಅಂತ ನಾನೂ ಅಂದುಕೊಂಡಿದ್ದೆ. ಈಗ 12 ಲಕ್ಷದ ಟೆಂಡರ್ ಹುಡುಕುತ್ತಿದ್ದೇನೆ. ಎರಡು ವರ್ಷದಿಂದ ನನ್ನ ಕಣ್ಣಿಗೆ ಬಿದ್ದಿಲ್ಲ. ಐದಾರು ಲಕ್ಷದ್ದು ಬರುತ್ತದೆ, ಇಲ್ಲವೇ ಒಮ್ಮೆಲೇ ಕೋಟಿಯದ್ದು. ಏಣಿಯಲ್ಲಿ ಮೂರು ಮೆಟ್ಟಿಲಾದ ಮೇಲೆ ಅಟ್ಟವೇ.

ನಮ್ಮ ತಪ್ಪನ್ನೂ ಹೇಳಬೇಕು. ಟೆಂಡರ್ ಸೋತವರೆಲ್ಲಾ ‘ಅದು ಮೊದಲೇ ಫಿಕ್ಸ್ ಆಗಿತ್ತು’ ಅನ್ನುತ್ತಾರೆ. ನಾನು ಸೋತದ್ದರಲ್ಲಿ ಮೂರು ಪೂರ್ತಿ ನನ್ನದೇ ಕರ್ಮ. ಒಂದು ಸಲ ಸಂಜೆ ನಾಲ್ಕಕ್ಕೆ ಕೊನೆ ಅಂತ ಇದ್ದಾಗ ಎರಡೂವರೆಗೆ ಫೈಲ್ ಹಾಕಲು ಕೂತೆ. ಮೂರಕ್ಕೆ ಕರೆಂಟ್ ಹೋಯಿತು. ಜೂನ್ ತಿಂಗಳು, ಹೋಗದೆ ಏನು ಮಾಡುತ್ತದೆ? ಇನ್ನೊಂದು ಸಲ ಡಿಜಿಟಲ್ ಸಹಿಯ ಅವಧಿ ಮುಗಿದಿತ್ತು, ಕೊನೆಯ ದಿನ ಗೊತ್ತಾಯಿತು. ಮೂರನೆಯದು, ಸಣ್ಣ ಉದ್ದಿಮೆ ಅಂತ ನೋಂದಾಯಿಸಿದ ಉದ್ಯಮ್ ಸರ್ಟಿಫಿಕೇಟ್ ಇದ್ದರೆ ಇಎಂಡಿ ಕಟ್ಟಬೇಕಾಗಿಲ್ಲ ಅಂತ ಯಾರೋ ಹೇಳಿದ್ದನ್ನು ನಂಬಿ ಕಟ್ಟದೇ ಹಾಕಿದೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ 2012ರಲ್ಲಿ ಮಾಡಿದ ನಿಯಮದಲ್ಲಿ ಆ ವಿನಾಯಿತಿ ಇರುವುದು ಸರಕು ಮತ್ತು ಸೇವೆಗೆ. ಕಾಮಗಾರಿ ಅಂತ ಕರೆದ ಟೆಂಡರಿಗೆ ಅದು ಬರುವುದಿಲ್ಲ. ಅರ್ಹತೆಯ ಕಾಗದ ನೋಡುವ ಟೆಕ್ನಿಕಲ್ ಬಿಡ್‌ನಲ್ಲೇ ಹೊರಗೆ ಬಿದ್ದೆ. ನನ್ನ ರೇಟನ್ನು ತೆರೆದೂ ನೋಡಲಿಲ್ಲ.

ಗೆದ್ದು ಸೋತದ್ದೂ ಇದೆ. ಆ 6 ಲಕ್ಷ 40 ಸಾವಿರದ್ದು. ರೇಟ್ ಎಲ್ಲಾ ಜಿಎಸ್‌ಟಿ ಸೇರಿಸಿ ಅಂತ ಷರತ್ತಿನ ಹನ್ನೊಂದನೇ ಪುಟದಲ್ಲಿತ್ತು. ನಾನು ಜಿಎಸ್‌ಟಿ ಮೇಲೆ ಸಿಗುತ್ತದೆ ಅಂದುಕೊಂಡು ಹಾಕಿದ್ದೆ. ಎಲ್ 1, ಅಂದರೆ ಎಲ್ಲರಿಗಿಂತ ಕಮ್ಮಿ ರೇಟಿನವನು, ಆದಾಗ ಮನೆಯಲ್ಲಿ ಪಾಯಸ ಮಾಡಿದ್ದರು. ಬಿಲ್ ಬರೆಯಲು ಕೂತಾಗ ಗೊತ್ತಾಯಿತು, ಶೇ 18ರ ಲೆಕ್ಕದಲ್ಲಿ 97 ಸಾವಿರ ಚಿಲ್ಲರೆ ನನ್ನ ಕಿಸೆಯಿಂದಲೇ ಹೋಗುತ್ತದೆ ಅಂತ. ನಮ್ಮ ಲೆಕ್ಕಪತ್ರ ನೋಡುವುದು ನನ್ನ ಹೆಂಡತಿ. ಅವಳು ಏನೂ ಬೈಯಲಿಲ್ಲ. ಹನ್ನೊಂದನೇ ಪುಟ ತೆಗೆದು ನನ್ನ ಊಟದ ತಟ್ಟೆ ಪಕ್ಕ ಇಟ್ಟಳು, ಅಷ್ಟೇ. ಈಗ ನಮ್ಮಲ್ಲಿ ಅವಳು ಓದಿ ಆಗದೆ ಯಾವ ಟೆಂಡರೂ ಹೋಗುವುದಿಲ್ಲ.

ಆದರೆ ಈ ಕೆಳಗಿನದ್ದು ನಮ್ಮ ತಪ್ಪಲ್ಲ. ಒಂದು ಕಡೆ ನೆಟ್‌ವರ್ಕ್ ವೈರಿಂಗ್ ಟೆಂಡರ್ ಇತ್ತು. ಎಸ್ಟಿಮೇಟ್‌ನಲ್ಲಿ ‘ಕ್ಯಾಟ್ 6 ಕೇಬಲ್’ ಅಂತ ಮಾತ್ರ ಬರೆದಿದ್ದರು, ಅಂದರೆ ಕಂಪ್ಯೂಟರ್, ಕ್ಯಾಮೆರಾ ಜೋಡಿಸುವ ತಂತಿ. ನಾನು ಅಪ್ಪಟ ತಾಮ್ರದ್ದನ್ನೇ ಲೆಕ್ಕ ಹಾಕಿ ರೇಟ್ ಕೊಟ್ಟೆ. ಗೆದ್ದವರು ಶೇ 27 ಬಿಲೋ, ಅಂದರೆ ಎಸ್ಟಿಮೇಟ್‌ಗಿಂತ ಅಷ್ಟು ಕಮ್ಮಿಗೆ ಹಾಕಿದ್ದರು. ಹೇಗೆ ಸಾಧ್ಯ ಅಂತ ತಲೆ ಕೆಟ್ಟುಹೋಯಿತು. ಆಮೇಲೆ ಅವರೇ ಒಳಗುತ್ತಿಗೆಗೆ ನನ್ನನ್ನು ಕರೆದರು. ಇದು ಹೊಸದೇನಲ್ಲ ಬಿಡಿ. ಸೈಟಿಗೆ ಬಂದ ಬಾಕ್ಸನ್ನು ಎತ್ತಿದ ಕೂಡಲೇ ಗೊತ್ತಾಯಿತು. 305 ಮೀಟರಿನ ತಾಮ್ರದ ಬಾಕ್ಸ್ ಎತ್ತಿದರೆ ಸೊಂಟಕ್ಕೆ ತಿಳಿಯುತ್ತದೆ. ಇದು ಬಿಸ್ಕತ್ತಿನ ಡಬ್ಬದ ಹಾಗೆ ಬಂತು. ಒಂದು ತಂತಿ ಸುಲಿದು ಬ್ಲೇಡಿನಲ್ಲಿ ಕೆರೆದೆ. ಮೇಲೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಂಗೆ ತಾಮ್ರದ ಲೇಪ ಕೊಟ್ಟದ್ದು. ಸ್ಟ್ಯಾಂಡರ್ಡ್ ಪ್ರಕಾರ ಅದು ಕ್ಯಾಟ್ 6 ಅಲ್ಲವೇ ಅಲ್ಲ, ಬಾಕ್ಸ್ ಮೇಲೆ ಮಾತ್ರ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದರಲ್ಲಿ ಕ್ಯಾಮೆರಾಗೆ ಕರೆಂಟ್ ಕಳಿಸಿದರೆ ದೂರ ಹೋದಂತೆ ವೋಲ್ಟೇಜ್ ಬೀಳುತ್ತದೆ, ತಂತಿ ಬಿಸಿಯಾಗುತ್ತದೆ. ಸ್ವಲ್ಪ ಬಗ್ಗಿಸಿದರೆ ಮುರಿಯುತ್ತದೆ. ನಮ್ಮ ಮಳೆಗಾಲದ ತೇವಕ್ಕೆ ಅದರ ತುದಿಗಳು ಎಷ್ಟು ದಿನ ಬಾಳುತ್ತವೆ? ನಾನು ಆ ಕೆಲಸ ಬಿಟ್ಟುಬಂದೆ. ಬೇರೆ ಯಾರೋ ಮಾಡಿದರು. ಎಸ್ಟಿಮೇಟ್‌ನಲ್ಲಿ ‘ಅಪ್ಪಟ ತಾಮ್ರ, ಪ್ರತಿ ಪಾಯಿಂಟಿನ ಟೆಸ್ಟ್ ರಿಪೋರ್ಟ್ ಕೊಟ್ಟ ಮೇಲೆಯೇ ಬಿಲ್’ ಅಂತ ಒಂದು ಸಾಲು ಇದ್ದಿದ್ದರೆ ಆ ಶೇ 27 ಬಿಲೋ ಬರುತ್ತಿರಲಿಲ್ಲ.

ಖಾಸಗಿ ಕೆಲಸದಲ್ಲಿ ಹೀಗಾಗುವುದು ಕಮ್ಮಿ, ಯಾಕೆಂದರೆ ದುಡ್ಡು ಕೊಡುವವರೇ ಆಮೇಲೆ ಅದರ ಜೊತೆ ಬದುಕಬೇಕು. ಸಿದ್ದಾಪುರ ಕಡೆ ಒಂದು ಕಾಫಿ ತೋಟಕ್ಕೆ ಕ್ಯಾಮೆರಾ ಹಾಕಲು ಮೂರು ಜನ ರೇಟ್ ಕೊಟ್ಟಿದ್ದೆವು. ನನ್ನದೇ ಜಾಸ್ತಿ. ಉಳಿದಿಬ್ಬರು ಬಂಗಲೆಯ ವರಾಂಡದಲ್ಲಿ ಕೂತು ಕಾಫಿ ಕುಡಿದು ಲೆಕ್ಕ ಬರೆದುಕೊಟ್ಟಿದ್ದರು. ನಾನು ತೋಟದ ಲೆಕ್ಕ ನೋಡುವ ರೈಟರ್ ಜೊತೆ ಅರ್ಧ ದಿನ ನಡೆದೆ. ಬಂಗಲೆಯಿಂದ ಕಣ, ಕಣದಿಂದ ಗೋಡೌನ್, ಅಲ್ಲಿಂದ ಪಂಪ್ ಮನೆ. ಗೋಡೌನಿಗೆ 340 ಮೀಟರ್. ಎಲ್ಲಿ ಆನೆ ಇಳಿಯುತ್ತದೆ, ಯಾವ ಸಿಲ್ವರ್ ಮರ ಈ ವರ್ಷ ಕಡಿಯುತ್ತಾರೆ ಅಂತ ಕೇಳಿ ಕೈಯಲ್ಲೇ ಒಂದು ನಕ್ಷೆ ಬರೆದುಕೊಟ್ಟೆ. ‘ಅವರಿಬ್ಬರದ್ದು ಇಷ್ಟು ಕಮ್ಮಿ ಇದೆಯಲ್ಲಾ?’ ಅಂದರು ತೋಟದ ಮಾಲೀಕರು. ‘ಸಾವ್ಕಾರ್ರೆ, ಅವರು ಬರೆದ ಕೇಬಲ್ 100 ಮೀಟರ್ ತನಕ ಮಾತ್ರ ನೆಟ್ಟಗೆ ಕೆಲಸ ಮಾಡುತ್ತದೆ. ಅದೂ ಅಲ್ಲದೆ ಅದು ತಾಮ್ರ, ಏಪ್ರಿಲ್‌ನಲ್ಲಿ ಗುಡುಗು ಸಿಡಿಲು ಬಂದರೆ ಎರಡೂ ತುದಿಯ ಮೆಷಿನ್ ಸುಟ್ಟುಹೋಗುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಹಾಕಿದರೆ ಆ ಕಾಟ ಇಲ್ಲ’ ಅಂದೆ. ಹಾಳೆಯ ಕೊನೆಯಲ್ಲಿ ನನ್ನ ರೇಟಿನಲ್ಲಿ ಏನೇನು ಸೇರಿಲ್ಲ ಅಂತಲೂ ಬರೆದಿದ್ದೆ. ಆ ಕೊನೆಯ ನಾಲ್ಕು ಸಾಲು ನೋಡಿಯೇ ಕೆಲಸ ಕೊಟ್ಟದ್ದು ಅಂತ ಅವರು ಆಮೇಲೆ ಹೇಳಿದರು. ಆ ತೋಟದಿಂದ ಇನ್ನೂ ಐದು ತೋಟದ ಕೆಲಸ ಬಂತು.

ಸರ್ಕಾರಿ ಎಸ್ಟಿಮೇಟ್ ಬರೆಯುವವರು ಹೀಗೆ ಒಮ್ಮೆ ನಡೆದು ನೋಡಿದರೆ ಅರ್ಧ ತಕರಾರು ಮುಗಿಯುತ್ತಿತ್ತು. ಮೈದಾನದ ಊರಿಗೆ ಮಾಡಿದ ಎಸ್ಟಿಮೇಟನ್ನೇ ನಮ್ಮ ಗುಡ್ಡಕ್ಕೂ ಹೊಂದಿಸುತ್ತಾರೆ. ಫೈಬರ್ ಪೈಪ್ ಹೂಳಲು ಒಂದೂ ಮುಕ್ಕಾಲು ಮೀಟರ್ ಹತ್ತಿರ ಆಳ ಕೇಳುತ್ತಾರೆ, 165 ಸೆಂಟಿಮೀಟರ್. ಮಂಡ್ಯದ ಗದ್ದೆ ಬದಿಯಲ್ಲಿ ಅದು ಸರಿ. ಇಲ್ಲಿ ರಸ್ತೆಯ ಒಂದು ಬದಿ ಬರೆ, ಅಂದರೆ ಗುಡ್ಡದ ಕಡಿದಾದ ಮಣ್ಣಿನ ಗೋಡೆ, ಇನ್ನೊಂದು ಬದಿ ಪಾತಾಳ. ವರ್ಕ್ ಆರ್ಡರ್ ಬರುವುದು ಮೇ ಕೊನೆಗೆ, ಕಾಮಗಾರಿ ಅವಧಿ ತೊಂಬತ್ತು ದಿನ, ಮುಂದೆ ‘ಮಳೆಗಾಲ ಸೇರಿ’ ಅಂತ ಒಂದು ಶಬ್ದ. ಜೂನ್‌ನಲ್ಲಿ ಬರೆಯ ಬುಡ ಅಗೆದರೆ ಏನಾಗುತ್ತದೆ ಅಂತ ಸಂಪಾಜೆ ಘಾಟಿಯಲ್ಲಿ ಓಡಾಡುವ ಯಾವ ಬಸ್ ಡ್ರೈವರ್ ಕೂಡ ಹೇಳುತ್ತಾನೆ. ಹೊರಗಿನ ಕಂಪನಿಗೆ ಅದು ಗೊತ್ತಿಲ್ಲ, ಕಣ್ಣು ಮುಚ್ಚಿ ಕಮ್ಮಿ ರೇಟ್ ಹಾಕುತ್ತಾರೆ. ನಮಗೆ ಗೊತ್ತಿದೆ, ಅದಕ್ಕೇ ನಮ್ಮ ರೇಟ್ ಜಾಸ್ತಿ ಆಗುತ್ತದೆ. ಊರು ಗೊತ್ತಿದ್ದದ್ದೇ ನಮಗೆ ದಂಡ.

ಇನ್ನು ದುಡ್ಡು ಬರುವ ವಿಷಯ. ಆ 6 ಲಕ್ಷ 40 ಸಾವಿರದ ಬಿಲ್ ನನ್ನ ಕೈಗೆ ಬಂದದ್ದು ಏಳು ತಿಂಗಳಿಗೆ. ಜಿಎಸ್‌ಟಿ ಮಾತ್ರ ಬಿಲ್ ಬರೆದ ಮುಂದಿನ ತಿಂಗಳೇ ನಾನು ಕಟ್ಟಿಯಾಗಿತ್ತು. ಬಂದಾಗಲೂ ಜಿಎಸ್‌ಟಿ ಟಿಡಿಎಸ್ ಶೇ 2, ಆದಾಯ ತೆರಿಗೆಯ ಟಿಡಿಎಸ್ ಶೇ 1, ಭದ್ರತಾ ಠೇವಣಿ ಶೇ 5 ಹಿಡಿದುಕೊಂಡು ಉಳಿದದ್ದು. ಸಣ್ಣ ಉದ್ದಿಮೆಗೆ 45 ದಿನದೊಳಗೆ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಅಂತ 2006ರ ಕಾಯ್ದೆಯಲ್ಲಿದೆ. ದೂರು ಕೊಡಲು ಪೋರ್ಟಲ್ ಕೂಡ ಇದೆ. ನಾನು ಒಮ್ಮೆ ಅದರಲ್ಲಿ ಎಲ್ಲಾ ತುಂಬಿಸಿ, ಕೊನೆಯ ಬಟನ್ ಒತ್ತದೆ ಕಂಪ್ಯೂಟರ್ ಮುಚ್ಚಿಟ್ಟೆ. ಯಾಕೆ ಅಂತ ಗುತ್ತಿಗೆ ಮಾಡುವವರಿಗೆ ಗೊತ್ತು.

ಸ್ಥಳೀಯರಿಗೆ ಇಷ್ಟು ಪರ್ಸೆಂಟ್ ಅಂತ ತೆಗೆದಿಡಿ ಅಂತ ನಾನು ಕೇಳುವುದಿಲ್ಲ. ಹಾಗೆ ಮಾಡಿದರೆ ನಮ್ಮಲ್ಲೇ ಯಾರೋ ಒಬ್ಬರು ಹೆಸರು ಹಾಕಿ ಹೊರಗಿನವರಿಗೆ ಮಾರುತ್ತಾರೆ, ನಮ್ಮವರ ಬಗ್ಗೆ ನನಗೆ ಗೊತ್ತಿಲ್ವಾ? ನಾನು ಕೇಳುವುದು ಷರತ್ತನ್ನು ಕೆಲಸ ನೋಡಿ ಬರೆಯಿರಿ ಅಂತ. ಕೇಬಲ್ ಎಳೆಯುವುದು ಒಂದು ತಿಂಗಳ ಕೆಲಸ. ಅದನ್ನು ಹತ್ತು ಮಳೆಗಾಲ ನೋಡಿಕೊಳ್ಳುವುದೇ ನಿಜವಾದ ಕೆಲಸ. ಹಾಗಾಗಿ ಮೂರು ವರ್ಷದ ನಿರ್ವಹಣೆಯನ್ನೂ ಅದೇ ಗುತ್ತಿಗೆಗೆ ಸೇರಿಸಿ. ಲೈನ್ ಹೋದರೆ 24 ಗಂಟೆಯೊಳಗೆ ಬರಬೇಕು, ಬಾರದಿದ್ದರೆ ದಿನಕ್ಕೆ ಇಷ್ಟು ಕಡಿತ ಅಂತ ಹಾಕಿ, ದುಡ್ಡಿನ ಒಂದು ಪಾಲನ್ನು ಅದಕ್ಕೇ ಹಿಡಿದಿಟ್ಟುಕೊಳ್ಳಿ. ಆಗ ಬೆಂಗಳೂರಿನಲ್ಲಿ ಕೂತು ರೇಟ್ ಹಾಕುವವರು ಇಲ್ಲಿ ಒಬ್ಬ ಮನುಷ್ಯನನ್ನು ಇಡುವ ಖರ್ಚನ್ನೂ ಲೆಕ್ಕಕ್ಕೆ ತಗೊಳ್ಳಬೇಕಾಗುತ್ತದೆ. ನಮ್ಮ ರೇಟಿಗೂ ಅವರ ರೇಟಿಗೂ ಆಗ ಅಂಥ ವ್ಯತ್ಯಾಸ ಇರುವುದಿಲ್ಲ. ಒಳಗುತ್ತಿಗೆಯಲ್ಲಿ ಮಾಡಿದ ಕೆಲಸಕ್ಕೂ, ಜಿಎಸ್‌ಟಿ ಬಿಲ್ ಮತ್ತು ಬ್ಯಾಂಕ್ ಲೆಕ್ಕ ತೋರಿಸಿದರೆ, ಅರ್ಧದಷ್ಟಾದರೂ ಬೆಲೆ ಕೊಡಿ.

ಇದು ಆಗದ ಮಾತೇನಲ್ಲ. ಹೋದ ವರ್ಷ ಒಂದು ಟೆಂಡರಿನ ಪ್ರೀ ಬಿಡ್ ಮೀಟಿಂಗಿಗೆ, ಅಂದರೆ ರೇಟ್ ಹಾಕುವ ಮೊದಲು ಷರತ್ತಿನ ಬಗ್ಗೆ ಕೇಳುವ ಸಭೆಗೆ, ನಾನು ಹೋಗಿದ್ದೆ. ಬಂದವನು ನಾನೊಬ್ಬನೇ. ತಾಮ್ರದ ವಿಷಯ, ಮಳೆಗಾಲದ ವಿಷಯ ಎರಡನ್ನೂ ಬರೆದು ಕೊಟ್ಟೆ, ಜೊತೆಗೆ ಆ ಕೆರೆದ ತಂತಿಯ ತುಂಡನ್ನೂ ಮೇಜಿನ ಮೇಲೆ ಇಟ್ಟೆ. ಹೊಸದಾಗಿ ಬಂದ ಎಂಜಿನಿಯರ್ ಮೇಡಂ ಒಬ್ಬರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಹತ್ತು ದಿನಕ್ಕೆ ತಿದ್ದುಪಡಿ ಬಂತು, ಎರಡೂ ಸೇರಿತ್ತು. ಆ ಟೆಂಡರ್ ನನಗೆ ಸಿಗಲಿಲ್ಲ, ಕುಶಾಲನಗರದ ಒಬ್ಬರಿಗೆ ಸಿಕ್ಕಿತು. ಕೆಲಸ ಚೆನ್ನಾಗಿ ಮಾಡಿದ್ದಾರೆ, ನಾನೇ ಹೋಗಿ ನೋಡಿ ಬಂದೆ. ನಮ್ಮ ಗುತ್ತಿಗೆದಾರ ಮಿತ್ರರು ಈ ಮೀಟಿಂಗ್‌ಗಳಿಗೆ ಬರಬೇಕು. ಎಲ್ಲಾ ಆದ ಮೇಲೆ ಬೇಕರಿಯಲ್ಲಿ ಕೂತು ಬೈಯುವುದಕ್ಕಿಂತ ಅಲ್ಲಿ ಒಂದು ಗಂಟೆ ಕೂರುವುದು ಲೇಸು.

ಮಾದಾಪುರ ಕಡೆಯ ಆ ಓದುಗರಿಗೆ: ನಿಮ್ಮ ಶಾಲೆಯ ಲೈನ್ ಈಗ ಸರಿ ಇದೆ. ಗೇಟಿನಿಂದ ಮೂರನೇ ಕಂಬದ ಹತ್ತಿರ ಇನ್ನೊಂದು ಹಾಲುವಾಣ ಮರ ಕೇಬಲ್ ಮೇಲೆ ಬಾಗಿ ನಿಂತಿದೆ. ಪಂಚಾಯಿತಿಗೆ ಹೇಳಿ ಅದರ ಕೊಂಬೆ ಕಡಿಸಿ, ಇಲ್ಲದಿದ್ದರೆ ಮುಂದಿನ ಗಾಳಿಗೆ ಮತ್ತೆ ಹೋಗುತ್ತದೆ.

ನನ್ನ ಹೆಸರು, ವಿಳಾಸ ನಿಮ್ಮ ಕಚೇರಿಗೆ ಬೇರೆ ಹಾಳೆಯಲ್ಲಿ ಬರೆದು ಕಳಿಸಿದ್ದೇನೆ. ದಯವಿಟ್ಟು ಪತ್ರಿಕೆಯಲ್ಲಿ ಹಾಕಬೇಡಿ. ಮುಂದಿನ ತಿಂಗಳು ನಾನೂ ಒಂದು ಟೆಂಡರ್ ಹಾಕುವವನಿದ್ದೇನೆ. ಆ 11,400 ರೂಪಾಯಿಯೂ ಇನ್ನೂ ಬಂದಿಲ್ಲ.

ಇತಿ,
ಒಬ್ಬ ಕೇಬಲ್ ಗುತ್ತಿಗೆದಾರ
ಸುಂಟಿಕೊಪ್ಪ, ಕೊಡಗು